ಸೀನನಿಗೆ, ನನ್ನ ಕತ್ತಿನ ವಿಚಾರ

ಪ್ರೀತಿಯ ಸೀನ,

ವಾಟ್ಸಾಪಿನಲ್ಲಿ ಕಳಿಸಿದರೆ ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ, ಮರ್ಯಾದೆಗಾದರೂ ಉತ್ತರ ಕೊಡು. ತಿಪಟೂರು ಬಸ್ಸಿನ ಹಲಸಿನಹಣ್ಣಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ಸಿಟಿ ಸ್ಕ್ಯಾನ್ ರೂಮಿನ ಗಾಜಿನ ಹಿಂದೆ ಕೂತು ದಿನವಿಡೀ ಏನು ಮಾಡ್ತೀಯ ಅಂತ ಕೇಳಿದ್ದೆಯಲ್ಲ. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ." ಹದಿಮೂರು ವರ್ಷದಿಂದ ಇದೇ ಮಂತ್ರ. ಲಿವರ್ ಕ್ಯಾನ್ಸರಿನವರಿಗೆ ನಾಲ್ಕು ಸಲ ಸ್ಕ್ಯಾನ್. ಡೈ, ಅಂದರೆ ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣಲಿ ಅಂತ ರಕ್ತಕ್ಕೆ ಬಿಡುವ ಔಷಧಿ, ಹಾಕದೆ ಪ್ಲೇನ್ ಒಂದು. ಡೈ ಬಿಟ್ಟು ಸುಮಾರು 35 ಸೆಕೆಂಡಿಗೆ ಒಂದು, 70ಕ್ಕೆ ಇನ್ನೊಂದು, ಮೂರು ನಿಮಿಷಕ್ಕೆ ಮತ್ತೊಂದು. ಲಿವರಿಗೆ ಮುಕ್ಕಾಲು ಪಾಲು ರಕ್ತ ಕರುಳಿನ ಕಡೆಯಿಂದ ಬರುತ್ತದೆ. ಈ ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚಾಗಿ ಆರ್ಟರಿಯಿಂದಲೇ, ಅಂದರೆ ಹೃದಯದ ಕಡೆಯಿಂದ ಬರುವ ರಕ್ತನಾಳದಿಂದಲೇ, ಹೀರುತ್ತದೆ. ಹಾಗಾಗಿ ಆ 35ನೇ ಸೆಕೆಂಡಿನಲ್ಲಿ ಬೆಳ್ಳಗೆ ಹೊಳೆದು ಸಿಕ್ಕಿಬೀಳುತ್ತದೆ.

ಹೋದ ತಿಂಗಳು ಒಬ್ಬರು ಬಂದಿದ್ದರು. ಟೇಸ್ (TACE) ಅನ್ನುವ ಚಿಕಿತ್ಸೆ ಆಗಿ ಐದು ವಾರ. ತೊಡೆಸಂದಿಯಿಂದ ಸಣ್ಣ ನಳಿಗೆ ತೂರಿಸಿ, ಗಡ್ಡೆಯ ಆರ್ಟರಿಗೇ ಕೀಮೋ ಮತ್ತು ಲಿಪಿಯೋಡಾಲ್ ಅನ್ನುವ ಎಣ್ಣೆ ಬಿಟ್ಟು, ದಾರಿ ಮುಚ್ಚುತ್ತಾರೆ. ಗಡ್ಡೆ ಸತ್ತರೂ ಅಷ್ಟು ಬೇಗ ಕುಗ್ಗುವುದಿಲ್ಲ. ಪೂರ್ತಿ ಅಳೆದರೆ ಏನೂ ಆಗಿಲ್ಲ ಅನ್ನಿಸುತ್ತದೆ. ಅದಕ್ಕೇ 2010ರಲ್ಲಿ ಎಂರೆಸಿಸ್ಟ್ ಅಂತ ಬೇರೆ ಲೆಕ್ಕ ಬಂತು. ಡೈ ಹಿಡಿದು ಹೊಳೆಯುವಷ್ಟನ್ನೇ ಅಳೆ, ಜೀವ ಇರುವುದು ಅಲ್ಲಿ.

ಅವರ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಹಳೇ ಫಿಲ್ಮಿನ ಕವರು, ಮಡಚಿ ಮಡಚಿ ಬಟ್ಟೆಯ ಹಾಗಾಗಿತ್ತು. "ಹೆಂಗೈತೆ ಸಾರ್?" ಎಂದರು. "ರಿಪೋರ್ಟ್ ಡಾಕ್ಟರ್ ಕೊಡ್ತಾರಮ್ಮ" ಅನ್ನಬೇಕಿತ್ತು, ಅಷ್ಟೇ. ಆದರೆ ಪ್ಲೇನಿನಲ್ಲಿ ಲಿಪಿಯೋಡಾಲ್ ಸುಣ್ಣದುಂಡೆ ಥರ ತುಂಬಿ ಕೂತಿತ್ತು. ಔಷಧಿ ಚೆನ್ನಾಗಿ ಹಿಡಿದಿದೆ ಅಂದುಕೊಂಡೆ. ತಲೆ ಅಲ್ಲಾಡಿಸಿದೆ ಕಣೋ. ಆಕೆ ಗೋಡೆಯ ಗಣಪತಿ ಕ್ಯಾಲೆಂಡರಿಗೆ ಕೈಮುಗಿದರು.

ಎಣ್ಣೆಯ ಬಿಳುಪು ಬೇರೆ, ಡೈ ಬಿಳುಪು ಬೇರೆ. ಪಕ್ಕಪಕ್ಕ ಇಟ್ಟು ನೋಡಬೇಕು. ಸಂಜೆ ರೇಡಿಯಾಲಜಿಸ್ಟ್ ಮೇಡಂ ಹಾಗೇ ಇಟ್ಟು, ಅಂಚಿನಲ್ಲಿ ಉಗುರಿನಷ್ಟು ಜಾಗಕ್ಕೆ ಗೆರೆ ಎಳೆದರು. 'ವಯಬಲ್', ಅಂದರೆ ಇನ್ನೂ ಜೀವ ಇದೆ ಅಂತ ಬರೆದರು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹೊರಗೆ ಆರು ಜನ ಕಾಯುತ್ತಿದ್ದರು, ಆ 35ನೇ ಸೆಕೆಂಡಿನ ಆರ್ಟರಿ ಸುತ್ತನ್ನು ನೆಟ್ಟಗೆ ನೋಡಿರಲಿಲ್ಲ.

ಆಕೆಗೆ ಸಮಾಧಾನ ಆಗಲಿ ಅಂತ ತಲೆ ಅಲ್ಲಾಡಿಸಿದ್ದೂ ಅಲ್ಲ ಸೀನ. ಆ ಒಂದು ನಿಮಿಷ ಡಾಕ್ಟರ್ ಥರ ಕಾಣಿಸಬೇಕಿತ್ತು ನನಗೆ. ಸಿಇಟಿ ರಿಸಲ್ಟ್ ಬಂದ ದಿನ ನಾವಿಬ್ಬರೂ ಕೆರೆ ಏರಿ ಮೇಲೆ ಕೂತಿದ್ದೆವು, ನೆನಪಿದೆಯಾ?

ಹೋದ ವಾರ ಎರಡನೇ ಟೇಸಿಗೆ ಬಂದಿದ್ದರು. ತಪ್ಪಿಸಿಕೊಂಡು ಹೋಗುತ್ತಿದ್ದವನನ್ನು ಕರೆದು, "ಅವತ್ತು ನೀವೇ ಧೈರ್ಯ ಕೊಟ್ಟಿದ್ದು ಸಾರ್" ಅಂತ ಎರಡು ಬಾಳೆಹಣ್ಣು ಕೈಗಿಟ್ಟರು. ಇಸ್ಕೊಂಡೆ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ. ಇನ್ಮೇಲೆ ಕತ್ತಿಗೆ ಕಾಲರ್ ಹಾಕಿಕೊಂಡೇ ಡ್ಯೂಟಿಗೆ ಹೋಗ್ತೀನಿ ಅಂದರೆ ಹೆಂಡತಿ, "ಮೊದಲು ಬಾಯಿಗೆ ಹಾಕ್ಕೊಳ್ಳಿ" ಅಂತಾಳೆ. ಕಾಮೆಂಟಿನಲ್ಲಿ ಹಲಸಿನಹಣ್ಣು ಅಂದೆಯೋ, ಬ್ಲಾಕ್.

ನಿನ್ನ,
ಗಾಜಿನ ಹಿಂದಿನವನು