ಮ್ಯಾನಕಿನ್‌ಗಳ ಕುಣಿತ: ಒಂದು ತಿದ್ದುಪಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉದ್ದಬಾಲದ ಮ್ಯಾನಕಿನ್ ಹಕ್ಕಿಗಳ ಚಿತ್ರದ ಕೆಳಗೆ ‘ಹೆಣ್ಣಿಗಾಗಿ ಕಾದಾಡುತ್ತಿರುವ ಗಂಡುಗಳು’ ಎಂದು ಅಚ್ಚಾಗಿತ್ತು. ಚಿತ್ರ ಬಹಳ ಸೊಗಸಾಗಿದೆ, ಆದರೆ ಒಕ್ಕಣೆ ತಪ್ಪು. ಆ ಎರಡು ಗಂಡುಗಳು ಜೊತೆಗೂಡಿ ಕುಣಿಯುತ್ತಿದ್ದವು.

ದಕ್ಷಿಣ ಮೆಕ್ಸಿಕೊದಿಂದ ಕೋಸ್ಟಾರಿಕದವರೆಗಿನ ಕಾಡುಗಳಲ್ಲಿರುವ ಈ ಪುಟ್ಟ ಹಕ್ಕಿಯ ಗಂಡಿಗೆ ಕಪ್ಪು ಮೈ, ಕೆಂಪು ನೆತ್ತಿ, ಆಕಾಶನೀಲಿ ಬೆನ್ನು ಮತ್ತು ಬಾಲದ ನಡುವಿನಿಂದ ಚಾಚಿದ ಎರಡು ನೀಳ ಗರಿಗಳಿದ್ದರೆ, ಹೆಣ್ಣು ಎಲೆಗಳ ನಡುವೆ ಕಣ್ಣಿಗೆ ಬೀಳದಷ್ಟು ಮಾಸಲು ಹಸಿರು. ಹಿರಿಯ ಗಂಡೊಂದು ಕಿರಿಯದರ ಜೊತೆ ಕೊಂಬೆಯ ಮೇಲೆ ಕುಳಿತು, ಎರಡೂ ಒಂದೇ ಶ್ರುತಿಯಲ್ಲಿ, ‘ಟೊಲೆಡೊ’ ಎಂದು ಕೇಳಿಸುವ ಕೂಗನ್ನು ಮತ್ತೆ ಮತ್ತೆ ಹಾಕುತ್ತವೆ. ಹೆಣ್ಣು ಬಂದೊಡನೆ ನೆಲಕ್ಕೆ ಹತ್ತಿರದ ಕೊಂಬೆಗಿಳಿದು, ಮುಂದಿನದು ಮೇಲಕ್ಕೆ ನೆಗೆದು ಹಿಂದಕ್ಕಿಳಿಯುವಷ್ಟರಲ್ಲಿ ಹಿಂದಿನದು ಮುಂದೆ ಸರಿದು ತಾನೂ ನೆಗೆಯುತ್ತ, ರಾಟೆ ತಿರುಗಿದಂತೆ ಕುಣಿಯುತ್ತವೆ. ಕೊನೆಗೆ ಹಿರಿಯದು ಒಮ್ಮೆ ಚುರುಕಾಗಿ ಕೂಗಿದರೆ ಕಿರಿಯದು ಅಲ್ಲಿಂದ ತೆರಳುತ್ತದೆ. ಆಮೇಲೆ ಹಿರಿಯದೊಂದೇ ಚಿಟ್ಟೆಯಂತೆ ಹಾರಾಡಿ ಹೆಣ್ಣನ್ನು ಒಲಿಸಿಕೊಳ್ಳಲು ನೋಡುತ್ತದೆ. ಕೂಡುವ ಅವಕಾಶ ಬಹುಮಟ್ಟಿಗೆ ಅದಕ್ಕೇ.

ಹಾಗಾದರೆ ಕಿರಿಯದಕ್ಕೆ ಸಿಗುವುದೇನು? ಅವೆರಡೂ ಒಡಹುಟ್ಟಿದವಾಗಿದ್ದರೆ ಉತ್ತರ ಸುಲಭವಿತ್ತು: ಹಿರಿಯದರ ಮರಿಗಳ ಮೂಲಕ ಕಿರಿಯದರ ವಂಶವೂ ಮುಂದುವರಿಯುತ್ತಿತ್ತು. ಆದರೆ ಕೋಸ್ಟಾರಿಕದ ಮೊಂಟೆವೆರ್ಡೆಯಲ್ಲಿ ಇವುಗಳ ಬೆನ್ನುಹತ್ತಿದ ಡೇವಿಡ್ ಮ್ಯಾಕ್‌ಡೊನಾಲ್ಡ್, ವೇಯ್ನ್ ಪಾಟ್ಸ್ ಅವರೊಂದಿಗೆ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜೊತೆಗಾರರು ರಕ್ತಸಂಬಂಧಿಗಳಲ್ಲವೆಂದು ತೋರಿಸಿದರು. ಕಿರಿಯದು ಕಾಯುವುದು ಸ್ಥಾನಕ್ಕಾಗಿ: ಹಿರಿಯದು ಸತ್ತ ಮೇಲೆ ಆ ಕೊಂಬೆ, ಅಲ್ಲಿಗೆ ಬರುವ ರೂಢಿಯಾದ ಹೆಣ್ಣುಗಳು, ಎಲ್ಲವೂ ಅದಕ್ಕೆ ದಕ್ಕಬಹುದು. ಗಂಡಿಗೆ ಪೂರ್ಣ ಬಣ್ಣ ಬರಲಿಕ್ಕೇ ವರ್ಷಗಳು ಬೇಕು. ಸರದಿ ಬರಲು ಇನ್ನೂ ಹಲವು ವರ್ಷಗಳು ಬೇಕು. ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಹೆಜ್ಜೆ ಪಳಗಿಸಿಕೊಳ್ಳುವ ನಮ್ಮ ಯಕ್ಷಗಾನದ ಹುಡುಗರು ನನಗೆ ನೆನಪಾದರು.

ಆಯ್ಕೆ ಹೆಣ್ಣಿನದು, ಗೂಡು ಕಟ್ಟಿ, ಮೊಟ್ಟೆಗೆ ಕಾವು ಕೊಟ್ಟು, ಮರಿ ಸಾಕುವುದೂ ಅದೊಂದೇ. ಒಕ್ಕಣೆಯಲ್ಲಿ ಅದನ್ನು ಗೆದ್ದವರಿಗೆ ಸಿಗುವ ಬಹುಮಾನದಂತೆ ಕಾಣಿಸಿದ್ದು ನನಗೆ ಹೆಚ್ಚು ನೋವು ತಂದಿತು. ಪುರವಣಿಯನ್ನು ಶಾಲೆಯ ಮಕ್ಕಳು ಕತ್ತರಿಸಿಟ್ಟುಕೊಳ್ಳುತ್ತಾರೆ. ಮುಂದಿನ ಸಂಚಿಕೆಯಲ್ಲಿ ಅದೇ ಚಿತ್ರವನ್ನು ಸರಿಯಾದ ಒಕ್ಕಣೆಯೊಂದಿಗೆ ಮತ್ತೊಮ್ಮೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಪಕ್ಷಿವೀಕ್ಷಕ, ಸಾಗರ