ಭಾನುವಾರದ ಕಾಸ್ ಪ್ರವಾಸ: ಹೊರಡುವ ಮುಂಚೆ ಇದೊಂದು ಓದಿ

ಎಲ್ಲರಿಗೂ ನಮಸ್ಕಾರ. ಮಹಾರಾಷ್ಟ್ರದ ಸಾತಾರಾ ಹತ್ತಿರ ಇರುವ ಹೂವಿನ ಪ್ರಸ್ಥಭೂಮಿ ಕಾಸ್‌ಗೆ ಹೊರಟಿದ್ದೇವೆ. ಬೆಳಗ್ಗೆ 5.30ಕ್ಕೆ ಪುಣೆಯ ಸ್ವಾರಗೇಟ್ ಹತ್ತಿರ ಬಸ್ಸು. ತಡವಾದರೆ ಕಾಯೋದಿಲ್ಲ, ಕಳೆದ ಸಲ ಕಾದು ಕಾದು ತಿಂಡಿ ತಣ್ಣಗಾಯಿತು.

"ಬರೀ ಹೂ ನೋಡೋಕೆ ಸಾತಾರಾ ತನಕ ಯಾಕೆ?" ಅಂತ ಒಬ್ಬರು ಕೇಳಿದ್ದರು. ಅಲ್ಲಿ ಕಾಲಡಿಯ ಕಲ್ಲೇ ಸುಮಾರು 6.6 ಕೋಟಿ ವರ್ಷ ಹಿಂದಿನ ಲಾವಾ. ಆಮೇಲೆ ಭಾರತದ ಪಶ್ಚಿಮ ಅಂಚು ಎದ್ದು ಘಟ್ಟವಾಯಿತು. ಮುಂಗಾರಿನ ಮೋಡಕ್ಕೆ ಅದೇ ಗೋಡೆ. ಘಟ್ಟದ ಮೇಲಿನ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿಲಿಮೀಟರಿಗೂ ಜಾಸ್ತಿ ಮಳೆ, ಘಟ್ಟದ ಆಚೆ ನಮ್ಮ ಪುಣೆಯಲ್ಲಿ 700ರ ಆಸುಪಾಸು. ಒಂದೇ ಬೆಟ್ಟಸಾಲು, ಅತ್ತ ಹಸಿರು ಕಾಡು, ಇತ್ತ ಕುರುಚಲು. ಹವಾಮಾನ ಒಣಗುತ್ತಾ ಬಂದಾಗ ಸದಾ ಹಸಿ ಬೇಕಾದ ಗಿಡಮರಗಳು ಉಳಿದುಕೊಂಡಿದ್ದು ಹೆಚ್ಚಾಗಿ ದಕ್ಷಿಣದ ಘಟ್ಟದಲ್ಲಿ. ಆ ಕಡೆ ಮಳೆಯಿಲ್ಲದ ತಿಂಗಳು ಕಡಿಮೆ ನೋಡಿ.

ಕಾಸ್ ಕಥೆ ಬೇರೆ. ಎತ್ತರ ಸುಮಾರು 1,200 ಮೀಟರ್. ಲಾವಾ ಕಲ್ಲೇ ಮಳೆ ಬಿಸಿಲಿಗೆ ಸವೆದು ಜಂಬಿಟ್ಟಿಗೆಯಾಗಿದೆ, ಮೇಲೆ ತೆಳ್ಳನೆ ಮಣ್ಣು. ಮರ ಬೇರೂರೋಕಾಗಲ್ಲ. ಬೇಸಿಗೆಯಲ್ಲಿ ಕಾದ ಕಾವಲಿ, ಮಳೆಗಾಲದಲ್ಲಿ ನಿಂತ ನೀರು. ಮಣ್ಣಲ್ಲಿ ಸತ್ವವಿಲ್ಲ, ಹಾಗಾಗಿ ಕೆಲವು ಗಿಡ ಹುಳ ಹಿಡಿದು ತಿನ್ನುತ್ತವೆ! ಮರಾಠಿಯವರು 'ಸೀತೆಚಿ ಆಸವೆ' ಅನ್ನೋ ನೇರಳೆ ಹೂ ಅಂಥದ್ದೇ. ಸೀತೆಯ ಕಣ್ಣೀರು ಅಂತ ಅರ್ಥ. ಗಿಡ ಗೇಣುದ್ದವೂ ಇರಲ್ಲ, ಬಗ್ಗಿಯೇ ನೋಡಬೇಕು.

ಸೆಲ್ಫಿಗೋಸ್ಕರ ಹೂ ತುಳಿಯಬೇಡಿ, ಪ್ಲೀಸ್. ರೇನ್‌ಕೋಟ್ ತನ್ನಿ. ಚಿತ್ರಾನ್ನ ನನ್ನ ಕಡೆಯಿಂದ.