ಯಂಡಮೂರಿ ಓದಿ ಮುಗಿಯಿತು, ಇನ್ನು ಯಾರು?

ಮಾನ್ಯ ಸಂಪಾದಕರೇ,

ಗಡಿನಾಡಿನ ಲೈಬ್ರರಿಗಳಲ್ಲಿ ಕನ್ನಡದ ಕಪಾಟಿನ ಮುಂದೆ ಆಗಾಗ ಕೇಳಿಬರುವ ಮಾತೊಂದಿದೆ: 'ಯಂಡಮೂರಿ ವೀರೇಂದ್ರನಾಥರದ್ದು ಇಲ್ಲಿ ಇದ್ದದ್ದೆಲ್ಲ ಓದಿಯಾಯಿತು, ಅಂಥದ್ದೇ ಬೇರೆ ಯಾರದ್ದುಂಟು?' ಉತ್ತರವಾಗಿ ಕೈಗೆ ಬರುವುದು ಹೆಚ್ಚಾಗಿ ರಕ್ಷಾಪುಟದಲ್ಲಿ ತಲೆಬುರುಡೆ ಇರುವ ಯಾವುದೋ ರೋಚಕ ಕಾದಂಬರಿ. ಮೂವತ್ತು ಪುಟಕ್ಕೆ ಬೇಸರ ಬಂದು ಅದು ವಾಪಸಾಗುತ್ತದೆ. ಓದುಗನಿಗೆ ಹಿಡಿಸಿದ್ದು ಯಾವ ಭಯ ಎಂದು ವಿಚಾರಿಸದೆ ಪುಸ್ತಕ ಕೊಟ್ಟರೆ ಹೀಗೇ ಆಗುವುದು.

ತೆಲುಗಿನಿಂದ ಕನ್ನಡಕ್ಕೆ ಬಂದ ಯಂಡಮೂರಿಯವರ ಭಯದ ಕಾದಂಬರಿ 'ತುಳಸಿದಳ'ವನ್ನೇ ನೋಡಿ. ಹೆದರಿಸುವ ಸರಕು ಅದರಲ್ಲಿ ಒಂದೇ ಬಗೆಯದ್ದಲ್ಲ. ಮಾಟ, ಮಂತ್ರವಾದಿಗಳ ವಿವರ ಕೆಲವರನ್ನು ಹಿಡಿದು ಕೂರಿಸುತ್ತದೆ. ಏನೂ ಅರಿಯದ ಮಗುವಿಗೆ ಬಂದ ಕುತ್ತು ಇನ್ನು ಕೆಲವರ ನಿದ್ದೆಗೆಡಿಸುತ್ತದೆ. ಇದು ಮಾಟವೋ ಕಾಯಿಲೆಯೋ, ಗೆಲ್ಲುವುದು ಮಂತ್ರವಾದಿಯೋ ವೈದ್ಯನೋ ಎಂಬ ಜಗ್ಗಾಟಕ್ಕಾಗಿಯೇ ಓದಿದವರೂ ಇದ್ದಾರೆ. ಈ ಮೂವರಿಗೂ ಒಂದೇ ಪುಸ್ತಕ ಕೊಟ್ಟರೆ ಇಬ್ಬರಿಗಂತೂ ರುಚಿಸುವುದಿಲ್ಲ.

ಮಂತ್ರವಾದದ ರುಚಿ ಹತ್ತಿದವರಿಗೆ ಕಾಸರಗೋಡಿನಲ್ಲಿ ಒಂದು ಅನುಕೂಲವಿದೆ, ಪಕ್ಕದ ಕಪಾಟು ಮಲಯಾಳದ್ದು. ಕೊಟ್ಟಾರತ್ತಿಲ್ ಶಂಕುಣ್ಣಿ ಎಂಟು ಭಾಗಗಳಲ್ಲಿ ಸಂಗ್ರಹಿಸಿದ 'ಐತಿಹ್ಯಮಾಲೆ'ಯಲ್ಲಿ ಕಡಮಟ್ಟತ್ ಕತ್ತನಾರ್ ಎಂಬ ಮಂತ್ರವಾದಿ ಪಾದ್ರಿಯ ಕತೆಯಿದೆ, ಚೆಲುವೆಯ ರೂಪದಲ್ಲಿ ಬಂದು ರಕ್ತ ಹೀರುವ ಯಕ್ಷಿಯರಿದ್ದಾರೆ. ಬಿಡಿ ಬಿಡಿ ಐತಿಹ್ಯಗಳಾದ್ದರಿಂದ ಮಲಯಾಳ ತಡವರಿಸಿ ಓದುವವರೂ ದಿನಕ್ಕೊಂದರಂತೆ ಮುಗಿಸಬಹುದು. ಕಾದಂಬರಿಯ ಓಟವೇ ಬೇಕು ಎನ್ನುವವರು ಕೋಟ್ಟಯಂ ಪುಷ್ಪನಾಥರನ್ನು ಹುಡುಕಲಿ. ಅವರದ್ದು ಪತ್ತೇದಾರಿ ಮತ್ತು ಭೀತಿ ಎರಡನ್ನೂ ಬೆರೆಸಿದ ಅಡುಗೆ.

ಹೌದೋ ಅಲ್ಲವೋ ಎಂಬ ಜಗ್ಗಾಟ ಬೇಕಾದವರಿಗೆ ಮಲಯಾಟ್ಟೂರ್ ರಾಮಕೃಷ್ಣನ್ ಅವರ 'ಯಕ್ಷಿ' (1967) ಹೇಳಿ ಮಾಡಿಸಿದ್ದು. ಪ್ರಯೋಗಾಲಯದ ಅವಘಡದಲ್ಲಿ ಮುಖ ವಿಕಾರವಾದ ರಸಾಯನಶಾಸ್ತ್ರದ ಅಧ್ಯಾಪಕನಿಗೆ ತನ್ನ ಸುಂದರಿ ಹೆಂಡತಿಯೇ ಯಕ್ಷಿಯೇನೋ ಎಂಬ ಗುಮಾನಿ. ಹೆದರಿಕೆಯೆಲ್ಲ ಅವನ ತಲೆಯೊಳಗೇ ನಡೆಯುತ್ತದೆ. ಇದು ಹಿಡಿಸಿದರೆ ಇಂಗ್ಲಿಷಿನಲ್ಲಿ ಶರ್ಲಿ ಜಾಕ್ಸನ್ ಅವರ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' (1959) ಕಡೆಗೆ ಹೋಗಬಹುದು. ವೈದ್ಯವಿದ್ಯೆ ಮತ್ತು ಭೂತೋಚ್ಚಾಟನೆಯ ಮುಖಾಮುಖಿಯೇ ಬೇಕೆಂದರೆ ವಿಲಿಯಂ ಪೀಟರ್ ಬ್ಲ್ಯಾಟಿಯ 'ದಿ ಎಕ್ಸಾರ್ಸಿಸ್ಟ್' (1971) ಇದೆ. ಅದರಲ್ಲಿ ಪಾದ್ರಿಯೇ ಮನೋವೈದ್ಯ.

ಕನ್ನಡದಲ್ಲೇ ಹುಟ್ಟಿದ ಅಪ್ಪಟ ದೆವ್ವದ ಕಾದಂಬರಿ ಕಡಿಮೆಯೇ. ಅದನ್ನು ಮುಚ್ಚಿಟ್ಟು ಫಲವಿಲ್ಲ. ಆದರೆ ಭಯ ಬೇರೆ ಹೆಸರಿನ ಪುಸ್ತಕಗಳಲ್ಲಿ ಕೂತಿದೆ. ನಮ್ಮ ಕಾಸರಗೋಡಿನವರೇ ಆದ ಎಂ. ವ್ಯಾಸರ ಸಣ್ಣಕತೆಗಳಲ್ಲಿ ದೆವ್ವಕ್ಕೆ ಕೆಲಸವಿಲ್ಲ, ಮನುಷ್ಯನ ಒಳಗಿನ ಕತ್ತಲೇ ಸಾಕಷ್ಟಿದೆ. ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್‌ನಿಂದ ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನು ಬೇಟೆಯ ಪುಸ್ತಕವೆಂದು ಬದಿಗಿಡುತ್ತಾರೆ. ಆದರೆ ನರಭಕ್ಷಕನಿಗಾಗಿ ರಾತ್ರಿಯಿಡೀ ಕಾದು ಕೂರುವ ಪುಟಗಳಲ್ಲಿರುವ ಹೆದರಿಕೆ ಎಷ್ಟೋ ಪ್ರೇತದ ಕಾದಂಬರಿಗಳಲ್ಲಿಲ್ಲ.

ಹೊಸ ಲೇಖಕರನ್ನು ಪರೀಕ್ಷಿಸುವುದು ಸಣ್ಣಕತೆಯಿಂದ. ನಾನೂರು ಪುಟದ ಕಾದಂಬರಿ ಕೊಂಡು ಪರಿತಪಿಸುವ ಬದಲು ಎರಡು ಕತೆ ಓದಿದರೆ ಅವರ ದಾರಿ ಗೊತ್ತಾಗುತ್ತದೆ. ಡಬ್ಲ್ಯು.ಡಬ್ಲ್ಯು. ಜೇಕಬ್ಸ್‌ರ 'ದಿ ಮಂಕೀಸ್ ಪಾ' (1902), ಎಂ.ಆರ್. ಜೇಮ್ಸ್‌ರ ಮೊದಲ ಸಂಕಲನ (1904) ಇವೆಲ್ಲ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ದೇಶದಲ್ಲಿ ಲೇಖಕ ತೀರಿಹೋದ ಮೇಲೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ, ಹಾಗಾಗಿ ಕದ್ದ ಪಿಡಿಎಫ್‌ಗೆ ಕೈಹಾಕುವ ಅಗತ್ಯವಿಲ್ಲ. ಅನುವಾದಕ್ಕೆ ಮಾತ್ರ ಪ್ರತ್ಯೇಕ ಹಕ್ಕು ಇರುತ್ತದೆ ಎಂಬುದು ನೆನಪಿರಲಿ. ಸ್ಟೀಫನ್ ಕಿಂಗ್ ಅಭಿಮಾನಿಗಳಿಗೆ ಇನ್ನೂ ಸುಲಭ: 'ಡಾನ್ಸ್ ಮಕಾಬ್ರ್' (1981) ಎಂಬ ತನ್ನ ಕಥೇತರ ಪುಸ್ತಕದ ಕೊನೆಯಲ್ಲಿ ಆತನೇ ಸುಮಾರು ನೂರು ಪುಸ್ತಕಗಳ ಪಟ್ಟಿ ಕೊಟ್ಟಿದ್ದಾನೆ.

ವಾರಪತ್ರಿಕೆಯ ಧಾರಾವಾಹಿಗಳಾಗಿ ಬಂದ ಕಾದಂಬರಿಗಳನ್ನು ಓದುವ ಕ್ರಮವೇ ಬೇರೆ. ಓದುಗ ಮುಂದಿನ ವಾರಕ್ಕೆ ಕಾಯಬೇಕೆಂದು ಪ್ರತಿ ಅಧ್ಯಾಯದ ಕೊನೆಗೆ ಒಂದು ಬೆಚ್ಚು, ಮರೆತಿದ್ದರೆ ಎಂದು ಮುಂದಿನದರ ಆರಂಭದಲ್ಲಿ ಹಿಂದಿನ ಕತೆಯ ಮೆಲುಕು. ಒಂದೇ ರಾತ್ರಿ ಕೂತು ಓದಿದರೆ ಹತ್ತು ಹನ್ನೆರಡು ಪುಟಕ್ಕೊಮ್ಮೆ ಬಾಗಿಲು ಕಿರುಗುಟ್ಟಿ, ಐದನೆಯ ಸಲಕ್ಕೆ ನಗು ಬರುತ್ತದೆ. ದಿನಕ್ಕೆ ಎರಡೇ ಅಧ್ಯಾಯ ಓದಿದರೆ ಅದೇ ಪುಸ್ತಕ ಚೆನ್ನಾಗಿ ಕೆಲಸ ಮಾಡುತ್ತದೆ.

ಲೈಬ್ರರಿಯಿಂದ ಒಯ್ಯುವ ಮೊದಲು ಕೊನೆಯ ಪುಟ ಇದೆಯೇ ನೋಡಿಕೊಳ್ಳಿ (ಓದಬೇಡಿ, ನೋಡಿ ಸಾಕು). ಕೈಯಿಂದ ಕೈಗೆ ಹೋದ ಪ್ರತಿಗಳಲ್ಲಿ ಹೊಲಿಗೆ ಸಡಿಲಾಗಿ ಹದಿನಾರು ಪುಟದ ಕೊನೆಯ ಫಾರಂ ಇಡಿಯಾಗಿ ಕಳಚಿಹೋಗಿರುತ್ತದೆ. ಕೊಲೆಗಾರ ಇರುವುದು ಅಲ್ಲೇ.

ಮುಂದಿನ ಲೇಖಕರ ಸುಳಿವು ಬಹಳ ಸಲ ಶೀರ್ಷಿಕೆಪುಟದ ಹಿಂಬದಿಯಲ್ಲಿ ಸಿಗುತ್ತದೆ. ಅಲ್ಲಿ ಮೂಲ ಕೃತಿಯ ಹೆಸರು, ಅನುವಾದಕರ ಹೆಸರು ಇರಬೇಕು. ಒಬ್ಬ ಅನುವಾದಕರ ಭಾಷೆ ಹಿಡಿಸಿದರೆ ಅವರು ಅನುವಾದಿಸಿದ ಬೇರೆ ಲೇಖಕರನ್ನೂ ಹುಡುಕಬಹುದು, ಅವರ ಆಯ್ಕೆಗೂ ಒಂದು ರುಚಿ ಇರುತ್ತದೆ. ಈ ಸಾಲು ಬಿಟ್ಟುಹೋದ ಪುಸ್ತಕವನ್ನು ಸಂಶಯದಿಂದಲೇ ನೋಡಿ. ಶೀರ್ಷಿಕೆ ಬದಲಾದ ಹಳೆಯ ಪುಸ್ತಕವನ್ನೇ ಎರಡನೆಯ ಸಲ ಕೊಳ್ಳುವ ಅಪಾಯವೂ ಉಂಟು.

ಇನ್ನು ಲೈಬ್ರರಿಗಳ ವಿಷಯ. ಜಿಲ್ಲಾ ಲೈಬ್ರರಿ ಕೌನ್ಸಿಲಿನ ಪುಸ್ತಕೋತ್ಸವದಲ್ಲಿ ಗ್ರ್ಯಾಂಟಿನ ಹಣಕ್ಕೆ ಕನ್ನಡ ಪುಸ್ತಕ ಆರಿಸುವವರಿಗೆ ಓದುಗರು ಮೊದಲೇ ಚೀಟಿ ಕೊಡಬೇಕು. 'ಹಾರರ್ ಪುಸ್ತಕ ತನ್ನಿ' ಎಂದರೆ ಮತ್ತೆ ತಲೆಬುರುಡೆಯೇ ಬರುತ್ತದೆ. ಲೇಖಕ, ಕೃತಿ, ಅನುವಾದಕ, ಪ್ರಕಾಶನ ನಾಲ್ಕನ್ನೂ ಬರೆದ ಐದು ಹೆಸರಿನ ಚೀಟಿ ಸಾಕು. ತಮ್ಮ ಪತ್ರಿಕೆಯ ಪುಸ್ತಕ ಪರಿಚಯದ ಅಂಕಣದಲ್ಲೂ ಅನುವಾದಗಳಿಗೆ ಪುಟ, ಬೆಲೆಯ ಜತೆಗೆ ಮೂಲ ಕೃತಿಯ ಹೆಸರು ಮತ್ತು ವರ್ಷವನ್ನು ಅಚ್ಚು ಹಾಕಿದರೆ ಆ ಚೀಟಿ ಬರೆಯುವವರಿಗೆ ಉಪಕಾರವಾಗುತ್ತದೆ.

– ಕೆಲವು ಓದುಗರು, ಬದಿಯಡ್ಕ, ಕಾಸರಗೋಡು ಜಿಲ್ಲೆ